ಹೊಳೆಯ ದಂಡೆಯಲ್ಲಿ ಡೇರೆ: ಜಾಗ ಆರಿಸುವ ಮೊದಲು

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿತದ ಗಡಿಬಿಡಿ ತಗ್ಗಿದ ಮೇಲೆ ಮನೆಯ ಮಕ್ಕಳೂ ಪೇಟೆಯಿಂದ ಬಂದ ನೆಂಟರೂ ‘ಕಾಡಿನ ಹೊಳೆಬದಿಯಲ್ಲಿ ಒಂದು ರಾತ್ರಿ ಡೇರೆ ಹಾಕೋಣ’ ಎಂದು ಕೇಳುವುದು ಈಗ ಸಾಮಾನ್ಯವಾಗಿದೆ. ಬೇಡವೆನ್ನಬೇಕಾದ ಆಸೆಯೇನೂ ಅದಲ್ಲ. ಆದರೆ ಹೊಳೆಯನ್ನು ದಿನವೂ ಕಾಣುವ ನಾವೇ ಅದರ ರಾತ್ರಿಯ ನಡೆಯನ್ನು ಮರೆಯುವುದುಂಟು. ಅದಕ್ಕಾಗಿ ಈ ನಾಲ್ಕು ಮಾತು.

ಹೆಬ್ರಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಅರಣ್ಯ ಇಲಾಖೆ ನಿರ್ಮಿಸಿದ ಸೀತಾನದಿ ನಿಸರ್ಗ ಶಿಬಿರವನ್ನೇ ನೋಡೋಣ. ದಟ್ಟ ಮರಗಳ ನಡುವಿನ ಚಿಕ್ಕ ಜಾಗ; ಪಕ್ಕದಲ್ಲೇ ಹೊಳೆ. ಸುತ್ತ 1974ರಲ್ಲಿ ಘೋಷಿತವಾದ ಸೋಮೇಶ್ವರ ವನ್ಯಧಾಮದ ಕಾಡು. ಬೇಸಗೆಯಲ್ಲಿ ಅಲ್ಲಿ ಬಂಡೆಗಳ ನಡುವೆ ಮೊಣಕಾಲುದ್ದದ ನೀರು ಹರಿಯುವುದನ್ನು ಕಂಡವರಿಗೆ ಭಯವೇ ಹುಟ್ಟುವುದಿಲ್ಲ. ಆದರೆ ಆ ಹೊಳೆಯ ನೀರು ಬರುವುದು ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಕಡೆಯ ಘಟ್ಟದಿಂದ ಎಂಬುದನ್ನು ನೆನಪಿಡಬೇಕು.

ನಾವು ಮಾರ್ಚ್, ಏಪ್ರಿಲ್‌ನಲ್ಲಿ ಆಕಾಶ ನೋಡುತ್ತಾ ಕಾಯುವ ಹೂಮಳೆಯೇ ಡೇರೆಯವರಿಗೆ ಅಪಾಯ. ಸಂಜೆ ಘಟ್ಟದ ಮೇಲೆ ಗುಡುಗು ಸಹಿತ ಮಳೆ ಬಿದ್ದರೆ, ಕೆಳಗೆ ನಕ್ಷತ್ರ ಕಾಣುತ್ತಿದ್ದರೂ ಕೆಲಹೊತ್ತಿನಲ್ಲಿ ನೀರು ಏರಬಹುದು. ಕಡಿದಾದ ಇಳಿಜಾರಿನಲ್ಲಿ ನೀರಿಗೆ ನಿಲ್ಲಲು ಎಡೆಯಿಲ್ಲ. ಅಣೆಕಟ್ಟಿನ ಕೆಳಗಿನ ಹೊಳೆಯಾದರೆ ಮಳೆಯಿಲ್ಲದೆಯೂ ನೀರು ಬರಬಹುದು.

ಆದ್ದರಿಂದ ಎಲ್ಲರಿಗೂ ಇಷ್ಟವಾಗುವ ನುಣುಪು ಮರಳಿನ ದಂಡೆಯಲ್ಲಿ ಡೇರೆ ಹಾಕಕೂಡದು. ಆ ಮರಳನ್ನು ಅಲ್ಲಿಗೆ ತಂದು ಹಾಸಿದ್ದು ಹೊಳೆಯೇ. ದಂಡೆಯ ಪೊದೆಗಳಲ್ಲಿ, ಮರದ ಕವಲುಗಳಲ್ಲಿ ಸಿಕ್ಕಿಕೊಂಡ ತರಗು, ಕಡ್ಡಿ, ಪ್ಲಾಸ್ಟಿಕ್ ಚೂರುಗಳನ್ನು ಗಮನಿಸಿರಿ. ಅದು ನೀರು ಏರಿದ ಗುರುತು. ಡೇರೆ ಆ ಗುರುತಿಗಿಂತ ಮೇಲಿರಬೇಕು. ಇನ್ನೂ ಮೇಲಕ್ಕೆ ಓಡಲು ದಾರಿಯೂ ಇರಬೇಕು. ಹೊತ್ತು ಮುಳುಗುವಾಗ ನೀರಿನಂಚಿಗೆ ಒಂದು ಕೋಲು ನೆಟ್ಟು ಆಗಾಗ ನೋಡುತ್ತಿರಿ. ನೀರು ಕೆಂಪಾದರೆ, ತರಗೆಲೆ ರಾಶಿಯಾಗಿ ತೇಲಿಬಂದರೆ, ಹೊಳೆಯ ಸದ್ದು ಬದಲಾದರೆ ಸಾಮಾನು ಬಿಟ್ಟು ಜನ ಮೊದಲು ಮೇಲೇರಬೇಕು.

ಮೇಲೆ ಹಾಕಿದರೆ ಇನ್ನೊಂದು ಲಾಭವಿದೆ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ಹೊಳೆಯ ಬದಿಯಲ್ಲಿ ನಿಲ್ಲುತ್ತದೆ. ಕಣದಲ್ಲಿ ಹರಡಿದ ಕಾಫಿಗೆ ಸಂಜೆ ಹೊದಿಕೆ ಹಾಕುವ ನಮಗೆ ಇಬ್ಬನಿಯ ಕಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೇರೆಯ ಒಳಗೂ ನಮ್ಮ ಉಸಿರಿನ ತೇವ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಗಾಳಿಗಿಂಡಿಯನ್ನು ಪೂರ್ತಿ ಮುಚ್ಚದಿದ್ದರೆ ಬೆಳಿಗ್ಗೆ ಹಾಸಿಗೆ ಒದ್ದೆಯಾಗುವುದು ಕಡಿಮೆ. ತಲೆಯ ಮೇಲೆ ಒಣಕೊಂಬೆ ಇದೆಯೇ ಎಂಬುದನ್ನು ಹಗಲಿನಲ್ಲೇ ನೋಡಿಕೊಳ್ಳಬೇಕು.

ಉಣುಗಿನ ವಿಷಯದಲ್ಲಿ ಉದಾಸೀನ ಸಲ್ಲದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗಿನ ಕಡಿತದಿಂದ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಡೇರೆ ಹಾಕುವ ಕಾಲದಲ್ಲೇ, ಅದರ ಭೀತಿ ಹೆಚ್ಚು. ಮಂಗ ಸತ್ತ ಸುದ್ದಿಯಿದ್ದ ಕಡೆ ಹೋಗಲೇಬಾರದು. ಉದ್ದ ಕೈಯ ಅಂಗಿ ತೊಟ್ಟು, ಬರಿಯ ತರಗಿನ ಮೇಲೆ ಕುಳಿತುಕೊಳ್ಳದೆ, ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಮೈ ಪರೀಕ್ಷಿಸಿಕೊಳ್ಳಬೇಕು. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ವನ್ಯಧಾಮದೊಳಗೆ ತಂಗಲು ಅರಣ್ಯ ಇಲಾಖೆಯ ಅನುಮತಿ ಅವಶ್ಯ. ಕಾಡಿಗೆ ಬೆಂಕಿ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಸಾಬೂನು, ಎಂಜಲು ಹೊಳೆಗೆ ಸೇರಬಾರದು. ಶೌಚಕ್ಕೆ ನೀರಿನಿಂದ 60 ಮೀಟರ್ ದೂರ ಹೋಗಿ, ಗುಂಡಿ ತೋಡಿ ಮುಚ್ಚಬೇಕು. ನಾವು ಬಿಟ್ಟ ನೀರನ್ನೇ ಕೆಳಗಿನ ತೋಟದವರು ಬಳಸುತ್ತಾರೆ.

ತೋಟಕ್ಕೆ ಬಂದ ನೆಂಟರಿಗೆ ಹೊಳೆ ಹೊಸದು, ನಮಗೆ ಹಳೆಯದು. ಜಾಗ ತೋರಿಸುವ ಹೊಣೆ ನಮ್ಮದೇ. ನೋಟ ಚೆನ್ನಾಗಿರುವ ಜಾಗವನ್ನು ಬುತ್ತಿ ಬಿಚ್ಚಲು ಬಿಟ್ಟುಕೊಡೋಣ. ಮಲಗಲು ಮಾತ್ರ ಹೊಳೆ ಮುಟ್ಟದ ಜಾಗವನ್ನೇ ತೋರಿಸೋಣ.