ಠಾಣೆಗೆ ಬಂದ ಹುಡುಗನ ಮೇಲೆ ಎಫ್‌ಐಆರ್ ಹಾಕಬೇಕಾ?

2023ರ ನವೆಂಬರ್‌ನಲ್ಲಿ ಕೋಲಾರ ನಗರದಲ್ಲಿ 17 ವರ್ಷದ ಪಿಯು ವಿದ್ಯಾರ್ಥಿಯೊಬ್ಬನ ಕೊಲೆಯಾಯಿತು. ಸಿಕ್ಕಿಬಿದ್ದವರಲ್ಲಿ ಅಪ್ರಾಪ್ತರೂ ಇದ್ದರು. ಇಂಥದ್ದು ನಡೆದಾಗಲೆಲ್ಲ 'ಇವರಿಗೆಂಥ ಬಾಲನ್ಯಾಯ, ಜೈಲಿಗೆ ಹಾಕಿ' ಅನ್ನೋ ಮಾತು ಬರುತ್ತೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಕೊಲೆಗೂ ಮುಂಚೆ, ಬೈಕ್ ಕಳವಿಗೋ ಹೊಡೆದಾಟಕ್ಕೋ ಒಬ್ಬ ಹುಡುಗ ಠಾಣೆ ಮೆಟ್ಟಿಲು ಹತ್ತಿದನಲ್ಲ, ಅವತ್ತು ಏನಾಗಬೇಕಿತ್ತು?

ಎಂಜಿನಿಯರಿಂಗ್ ಓದಿದವನಾದ್ದರಿಂದ ನಾನು ಕಾಯ್ದೆಯನ್ನೂ ಫ್ಲೋಚಾರ್ಟ್ ಥರಾನೇ ಓದ್ತೀನಿ. 2016ರ ಕೇಂದ್ರ ಮಾದರಿ ನಿಯಮಗಳ 8ನೇ ನಿಯಮ ನೋಡಿ. ಘೋರ ಅಪರಾಧವಾಗಿದ್ದರೆ ಅಥವಾ ವಯಸ್ಕರ ಜೊತೆ ಸೇರಿ ಮಾಡಿದ್ದರೆ ಮಾತ್ರ ಎಫ್‌ಐಆರ್. ಉಳಿದದ್ದಕ್ಕೆಲ್ಲ ಠಾಣಾ ದಿನಚರಿಯಲ್ಲಿ ನಮೂದು, ಜೊತೆಗೆ ಹುಡುಗನ ಸಾಮಾಜಿಕ ಹಿನ್ನೆಲೆಯ ವರದಿ. ಶಾಲೆ ಯಾಕೆ ಬಿಟ್ಟ, ಯಾರ ಸಹವಾಸ, ಚಟ ಏನು ಅನ್ನೋದೆಲ್ಲ ಅದರಲ್ಲಿರಬೇಕು. ಅದು ಬಾಲನ್ಯಾಯ ಮಂಡಳಿಗೆ ಹೋಗಬೇಕು. ಹುಡುಗನನ್ನು ಹಿಡಿದರೆ 24 ಗಂಟೆಯೊಳಗೆ ಮಂಡಳಿಯ ಮುಂದೆ ನಿಲ್ಲಿಸಬೇಕು. ಲಾಕಪ್ ಇಲ್ಲ, ಬೇಡಿ ಇಲ್ಲ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿ, ಮಂಡಳಿಗಳು ಮೂಕಪ್ರೇಕ್ಷಕರಾಗಿ ಕೂರಬಾರದು ಎಂದಿತು.

ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐಗಿಂತ ಕಡಿಮೆಯಿಲ್ಲದ ದರ್ಜೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕೋಲಾರ ಎಸ್‌ಪಿ ವ್ಯಾಪ್ತಿಗೆ ಬರುತ್ತವೆ. ಕೆಜಿಎಫ್‌ಗೆ ಬೇರೆಯೇ ಎಸ್‌ಪಿ. ಬಂದೋಬಸ್ತು, ಸಮನ್ಸು ಅಂತ ಓಡಾಡೋ ಎಎಸ್‌ಐಗೆ ಇದು ಹೆಚ್ಚುವರಿ ಹೊಣೆಯಾದರೆ ಏನಾಗುತ್ತೆ ಅಂತ ಯಾರಾದರೂ ಊಹಿಸಬಹುದು.

ಆಗ ಹುಟ್ಟೋದು ಅಡ್ಡದಾರಿ. ಒಂದು, ಎರಡೇಟು ಕೊಟ್ಟು, ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸೋದು. ಊರವರಿಗೆ ಇದು ದೊಡ್ಡತನ ಅನ್ನಿಸುತ್ತೆ. ಆದರೆ ದಾಖಲೆ ಇಲ್ಲ, ಪ್ರೊಬೇಷನ್ ಅಧಿಕಾರಿಗೆ ಸುದ್ದಿ ಇಲ್ಲ, ಕೌನ್ಸೆಲಿಂಗ್ ಇಲ್ಲ. ಮುಂದಿನ ಸಲ ಅವನು ಸಿಕ್ಕಾಗ ಮತ್ತೆ ಸೊನ್ನೆಯಿಂದ ಶುರು. ಇನ್ನೊಂದು, ಜೊತೆಗೊಬ್ಬ 18 ದಾಟಿದವನನ್ನು ಸೇರಿಸಿ ಎಫ್‌ಐಆರ್ ಹಾಕೋದು. ಮೂರನೆಯದು ವಯಸ್ಸು. ಮಾಲೂರಿನ ಇಟ್ಟಿಗೆ ಗೂಡುಗಳಿಗೆ ವಲಸೆ ಬಂದ ಕುಟುಂಬದ ಹುಡುಗನ ಹತ್ರ ಶಾಲಾ ದಾಖಲೆ ಎಲ್ಲಿರುತ್ತೆ? ಮೀಸೆ ನೋಡಿ '19' ಅಂತ ಬರೆದರೆ ಅವನು ನೇರ ಜೈಲಿಗೆ. 94ನೇ ಸೆಕ್ಷನ್ ಹೇಳೋ ಕ್ರಮ: ಶಾಲಾ ದಾಖಲೆ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಆಧಾರ್ ಆ ಪಟ್ಟಿಯಲ್ಲೇ ಇಲ್ಲ.

ಕಾಯ್ದೆಯಲ್ಲೂ ತೂತಿದೆ. ಮಕ್ಕಳನ್ನು ಕೋರ್ಟು-ಕಟ್ಟೆಯಿಂದ ಆಚೆ ಇಟ್ಟು ತಿದ್ದಬೇಕು ಅಂತ 3ನೇ ಸೆಕ್ಷನ್ ತತ್ವ ಹೇಳುತ್ತೆ. ಠಾಣೆಯಿಂದಲೇ ಹುಡುಗನನ್ನು ಯಾರ ಬಳಿ ಕಳಿಸಬೇಕು, ಆಮೇಲೆ ವಿಚಾರಿಸೋರು ಯಾರು ಅನ್ನೋ ವ್ಯವಸ್ಥೆಯನ್ನು ಮಾತ್ರ ಕಟ್ಟಿಕೊಡಲ್ಲ.

ನೀವು ಮಾಡಬಹುದಾದ ಒಂದು ಕೆಲಸ ಇದೆ. 10 ರೂಪಾಯಿ ಶುಲ್ಕ, 150 ಪದದೊಳಗೆ ಒಂದು ಆರ್‌ಟಿಐ. ನಿಮ್ಮ ಠಾಣೆಯ ಮಕ್ಕಳ ಕಲ್ಯಾಣ ಅಧಿಕಾರಿ ಯಾರು, ಕಳೆದ ವರ್ಷ ಎಷ್ಟು ಸಾಮಾಜಿಕ ಹಿನ್ನೆಲೆ ವರದಿಗಳು ಮಂಡಳಿಗೆ ಹೋದವು? ಮಕ್ಕಳ ಹೆಸರು ಕೇಳಬೇಡಿ, ಗುರುತು ಬಯಲು ಮಾಡೋದು 74ನೇ ಸೆಕ್ಷನ್ ಪ್ರಕಾರ ಅಪರಾಧ. ಸಂಖ್ಯೆ ಮಾತ್ರ ಕೇಳಿ.