ಡ್ರೆಸ್ಸಿಂಗ್ ರೂಮಿಗೆ ಬಂದ ಮೀನು

ಹೋದ ಬೇಸಿಗೆಯಲ್ಲಿ ನಮ್ಮ ಕಾಕಾನ ಮಗ, ಒಂಬತ್ತು ವರ್ಷದ ಹುಡುಗ, ಜಳಕದ ಹಂಡೆಯ ಹತ್ತಿರ ಜಾರಿ ಬಿದ್ದ. ಕುದಿಯುವ ನೀರು ಮೊಣಕಾಲಿನಿಂದ ಪಾದದವರೆಗೆ ಸುರಿಯಿತು. ಮೇಡ್ಲೇರಿಯಿಂದ ರಾಣೆಬೆನ್ನೂರಿಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಓಡಿದೆವು. ಜೀವಕ್ಕೇನೂ ಅಪಾಯವಿರಲಿಲ್ಲ. ಆದರೆ ಸುಟ್ಟ ಗಾಯದ ಸಂಕಟ ಸುಟ್ಟ ದಿನಕ್ಕೇ ಮುಗಿಯುವುದಿಲ್ಲ ಎಂದು ಗೊತ್ತಾದದ್ದು ಮೊದಲ ಸಲ ಡ್ರೆಸ್ಸಿಂಗ್ ಬದಲಿಸಿದಾಗ.

ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಡಿಗ್ರಿ ಮುಗಿಸಿ, ಕೆಲಸ ಹುಡುಕುತ್ತಾ ಮನೆಯಲ್ಲಿದ್ದವನು ನಾನೊಬ್ಬನೇ. ಹೀಗಾಗಿ ಜತೆಗೆ ಹೋಗುವುದು ನನ್ನ ಪಾಲಿಗೆ ಬಂತು. ಗಾಯಕ್ಕೆ ಅಂಟಿದ ಬಟ್ಟೆಯನ್ನು ನೆನೆಸಿ ಬಿಡಿಸುವಾಗ ನಾನು ಅವನ ಎರಡೂ ಕೈ ಹಿಡಿದಿರಬೇಕು. ಚಿಗವ್ವ ಬಾಗಿಲ ಹೊರಗೆ ಸೆರಗು ಬಾಯಿಗಿಟ್ಟು ನಿಂತಿರುತ್ತಿದ್ದಳು. 'ಅಣ್ಣಾ, ಕೈ ಬಿಡೋ, ನಿನ್ ಕಾಲಿಗೆ ಬೀಳ್ತೀನಿ' ಅಂದದ್ದು ಇವತ್ತಿಗೂ ಕಿವಿಯಲ್ಲಿದೆ. ನೋವಿನ ಔಷಧ ಕೊಟ್ಟೇ ಇರುತ್ತಿದ್ದರು. ಕಾಲು ಸುಮ್ಮನಿದ್ದಾಗ ಅದು ಸಾಲುತ್ತಿತ್ತು, ಬಟ್ಟೆ ಬಿಡಿಸುವಾಗ ಸಾಲುತ್ತಿರಲಿಲ್ಲ.

ಒಂದು ರಾತ್ರಿ ನಿದ್ದೆ ಬಾರದೆ ಮೊಬೈಲ್‌ನಲ್ಲಿ ಹುಡುಕುತ್ತಿದ್ದಾಗ 'ಸ್ನೋವರ್ಲ್ಡ್' ಎಂಬ ಹೆಸರು ಸಿಕ್ಕಿತು. ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿನ ಹಾರ್ಬರ್‌ವ್ಯೂ ಆಸ್ಪತ್ರೆಯ ಸುಟ್ಟ ಗಾಯದ ರೋಗಿಗಳಿಗೆಂದೇ ರೂಪಿಸಿದ ವರ್ಚುವಲ್ ರಿಯಾಲಿಟಿ ಆಟ ಅದು. ಅವರ ತಂಡದ ಮೊದಲ ವರದಿ 'ಪೇನ್' ಪತ್ರಿಕೆಯಲ್ಲಿ ಬಂದದ್ದು 2000ದಲ್ಲಿ. ಹದಿನಾರು, ಹದಿನೇಳು ವಯಸ್ಸಿನ ಇಬ್ಬರೇ ರೋಗಿಗಳ ಮೇಲಿನ ಪುಟ್ಟ ಪ್ರಯೋಗವದು. ಸಾಮಾನ್ಯ ವಿಡಿಯೊ ಗೇಮ್ ಆಡಿದಾಗಿಗಿಂತ ವಿ.ಆರ್. ಹಾಕಿಕೊಂಡಾಗ ಅವರಿಗೆ ನೋವು ಬಹಳ ಕಡಿಮೆ ಅನ್ನಿಸಿತ್ತು. ಸ್ನೋವರ್ಲ್ಡ್‌ನಲ್ಲಿ ರೋಗಿ ಹಿಮದ ಕಣಿವೆಯೊಳಗೆ ತೇಲಿಕೊಂಡು ಹೋಗುತ್ತಾ ಹಿಮಮಾನವರಿಗೂ ಪೆಂಗ್ವಿನ್‌ಗಳಿಗೂ ಹಿಮದುಂಡೆ ಎಸೆಯುತ್ತಾನೆ. ಬೆಂಕಿಯ ನೆನಪೇ ಬಾರದ ಜಾಗ ಬೇಕೆಂದು ಹಿಮವನ್ನು ಆರಿಸಿದ್ದರಂತೆ.

ಇದೇನು, ಮಗುವಿಗೆ ಚಂದಮಾಮ ತೋರಿಸಿ ಉಣ್ಣಿಸಿದ ಹಾಗೆಯೇ ಅಂತ ನನಗೂ ಮೊದಲು ಅನ್ನಿಸಿತು. ಅರ್ಧ ಹಾಗೆಯೇ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ನೋವಿಗೆ ಬೆನ್ನುಹುರಿಯಲ್ಲಿ ಒಂದು 'ಗೇಟ್' ಇದೆ ಎಂಬ ಸಿದ್ಧಾಂತ ಮಂಡಿಸಿದರು. ಗಾಯದಿಂದ ಹೊರಟ ಸಂದೇಶವೆಲ್ಲ ಮಿದುಳಿಗೆ ಹಾಗೇ ತಲುಪುವುದಿಲ್ಲ. ಆ ಗೇಟನ್ನು ಎಷ್ಟು ತೆರೆಯಬೇಕು ಎಂಬುದರಲ್ಲಿ ಮಿದುಳಿನ ಮಾತೂ ನಡೆಯುತ್ತದೆ. ಕಬಡ್ಡಿ ಆಡುವಾಗ ಮೊಣಕಾಲು ಕೆತ್ತಿಹೋದದ್ದು ಮನೆಗೆ ಬಂದು ಕಾಲು ತೊಳೆಯುವಾಗ ತಾನೆ ಉರಿಯುವುದು? ನಮ್ಮ ಗಮನಕ್ಕೂ ಒಂದು ಮಿತಿಯಿದೆ. ಅದರ ಬಹುಪಾಲನ್ನು ಹಿಮದ ಕಣಿವೆ ಎಳೆದುಕೊಂಡರೆ ನೋವಿಗೆ ಉಳಿಯುವುದು ಸ್ವಲ್ಪವೇ. ಇದು ಬರೀ ಬಾಯಿಮಾತೂ ಅಲ್ಲ. 2004ರಲ್ಲಿ ಹಾಫ್‌ಮನ್ ತಂಡ ಆರೋಗ್ಯವಂತ ಸ್ವಯಂಸೇವಕರ ಪಾದಕ್ಕೆ ಬಿಸಿ ತಾಗಿಸಿ ಮಿದುಳನ್ನು ಸ್ಕ್ಯಾನ್ ಮಾಡಿತು. ವಿ.ಆರ್. ಇದ್ದಾಗ ನೋವಿಗೆ ಸಂಬಂಧಿಸಿದ ಮಿದುಳಿನ ಭಾಗಗಳ ಚಟುವಟಿಕೆಯೇ ಇಳಿದಿತ್ತು.

ನಮಗೆಲ್ಲಿಂದ ಬರಬೇಕು ಸ್ನೋವರ್ಲ್ಡ್! ಗೆಳೆಯನ ಹತ್ತಿರ ಧೂಳು ತಿನ್ನುತ್ತಿದ್ದ ಪ್ಲಾಸ್ಟಿಕ್ ವಿ.ಆರ್. ಬಾಕ್ಸ್ ಇತ್ತು. ಒಳಗೆ ಎರಡು ಮಸೂರ, ಮುಂದೆ ಮೊಬೈಲ್ ಸಿಕ್ಕಿಸುವುದು, ಅಷ್ಟೇ. ಸಮುದ್ರದಾಳದ 360 ಡಿಗ್ರಿ ವಿಡಿಯೊ ಡೌನ್‌ಲೋಡ್ ಮಾಡಿಕೊಂಡು ಹೋಗಿ ಡಾಕ್ಟರನ್ನು ಕೇಳಿದೆ. ಅವರು ನಕ್ಕರು, ಆದರೆ ಬೇಡ ಅನ್ನಲಿಲ್ಲ. ಸ್ಪಿರಿಟ್‌ನಿಂದ ಒರೆಸಬೇಕು, ಗಾಯದ ಹತ್ತಿರ ತರಬಾರದು, ವಾಕರಿಕೆ ಬಂದರೆ ತಕ್ಷಣ ತೆಗೆಯಬೇಕು, ನೋವಿನ ಔಷಧ ಮಾತ್ರ ಎಂದಿನಂತೆ ಕೊಡಲೇಬೇಕು ಎಂದರು.

ಮೊದಲ ದಿನ ಕೆಲಸ ಕೆಟ್ಟಿತು. ಬಟ್ಟೆ ಮುಟ್ಟುತ್ತಲೇ ಹುಡುಗ ಬಾಕ್ಸ್ ಕಿತ್ತೆಸೆದ. ತಪ್ಪು ನನ್ನದೇ, ಅವನಿಗೆ ಅದು ಏನೆಂದೇ ಹೇಳಿರಲಿಲ್ಲ. ಮರುದಿನ ಮನೆಯಲ್ಲೇ ಆಡಿಸಿ ರೂಢಿ ಮಾಡಿಸಿದೆ. ಮುಂದಿನ ಡ್ರೆಸ್ಸಿಂಗ್‌ಗೆ 'ಹಳದಿ ಮೀನು ಎಷ್ಟು ಅದಾವ, ಎಣಿಸಿ ಹೇಳು' ಅಂದೆ. ತಲೆ ಆ ಕಡೆ ಈ ಕಡೆ ತಿರುಗಿಸುತ್ತಾ ಎಣಿಸತೊಡಗಿದ. ಹಿಮ್ಮಡಿಯ ಹತ್ತಿರದ ಬಟ್ಟೆ ಬಿಡಿಸುವಾಗ 'ಯವ್ವಾ' ಅಂತ ಚೀರಿದ, ಕಣ್ಣೀರೂ ಬಂತು. ಆದರೆ ನಾನು ಅವನ ಕೈ ಹಿಡಿದಿರಲಿಲ್ಲ. ಸಿಸ್ಟರ್ ಹೊಸ ಪಟ್ಟಿ ಸುತ್ತಿ ಮುಗಿಸಿದ ಮೇಲೆ 'ಆತೇನ್ರಿ ಅಕ್ಕಾರ?' ಅಂತ ಕೇಳಿದ. ಹೊರಗೆ ಚಿಗವ್ವ ಇನ್ನೂ ಒಳಗೆ ಶುರುವೇ ಆಗಿಲ್ಲ ಅಂದುಕೊಂಡಿದ್ದಳು.

ನಮ್ಮದು ಬರೀ ವಿಡಿಯೊ. ಕೈಯಿಂದ ಏನಾದರೂ ಮಾಡುವಂಥ ಆಟವಾದರೆ, ಒಳ್ಳೆಯ ಹೆಡ್‌ಸೆಟ್ ಇದ್ದರೆ ನೋವು ಇನ್ನಷ್ಟು ತಗ್ಗುತ್ತದೆ ಎನ್ನುತ್ತವೆ ಸಂಶೋಧನೆಗಳು. 2021ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ದೀರ್ಘಕಾಲದ ಸೊಂಟನೋವಿಗೆ ವೈದ್ಯರು ಬರೆದುಕೊಡುವಂಥ ವಿ.ಆರ್. ಸಾಧನವೊಂದಕ್ಕೆ ಅನುಮತಿ ಕೊಟ್ಟಿದೆ. ಯೂನಿಟಿ ಕಲಿತು ಗೇಮ್ ಕಂಪನಿಗಳಿಗೆ ರೆಸ್ಯೂಮೆ ಕಳಿಸುತ್ತಿರುವ ಗೆಳೆಯರಿಗೆಲ್ಲ ಇದನ್ನು ಹೇಳುತ್ತಿರುತ್ತೇನೆ. ಹಿಮವನ್ನೇ ನೋಡದ ಹುಡುಗರಿಗೆ ಪೆಂಗ್ವಿನ್ ಯಾಕೆ, ಅದೂ ಇಂಗ್ಲಿಷ್ ಸೂಚನೆಗಳೊಂದಿಗೆ?

ಅವನ ಕಾಲು ಈಗ ವಾಸಿಯಾಗಿದೆ, ಚರ್ಮದ ಬಣ್ಣ ಮಾತ್ರ ಬೇರೆ. ಬಾಕ್ಸ್ ಗೆಳೆಯನಿಗೆ ವಾಪಸ್ ಕೊಡುವ ದಿನ ಕೊನೆಯ ಸಲ ಕಣ್ಣಿಗಿಟ್ಟುಕೊಂಡು ಕೇಳಿದ: 'ಅಣ್ಣಾ, ಇದರಾಗ ನಮ್ಮ ತುಂಗಭದ್ರಾ ಹೊಳಿ ಐತೇನು?'