ಕಂದಾಯ ರಸೀದಿಯೊಳಗಿನ ಗ್ರಂಥಾಲಯ

ಪುರಸಭೆಗೆ ಮನೆ ಕಂದಾಯ ಕಟ್ಟಿದವರು ಲೆಕ್ಕ ಬಿಡಿಸಿ ನೋಡಿದರೆ ಅದರಲ್ಲಿ ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3 ಸೇರಿರುವುದು ಗೊತ್ತಾಗುತ್ತದೆ. ಸಾವಿರ ರೂಪಾಯಿ ತೆರಿಗೆಗೆ 60 ರೂಪಾಯಿ ಗ್ರಂಥಾಲಯದ್ದು. ಓದಲು ಎಂದೂ ಹೋಗದವರು ಕೂಡ ವರ್ಷಾ ವರ್ಷ ಅದನ್ನು ಸಾಕುತ್ತಿದ್ದಾರೆ. ಹೀಗಿರುವಾಗ ಸಣ್ಣ ಊರಿನ ಗ್ರಂಥಾಲಯದಲ್ಲಿ ಹೊಸ ಪುಸ್ತಕ ಯಾಕಿಲ್ಲ, ಕುರ್ಚಿ ಯಾಕೆ ಸಾಲದು ಎಂದು ಕೇಳುವುದು ತೆರಿಗೆದಾರರ ಹಕ್ಕು.

ಈ ಸೆಸ್‌ಗೆ ಆಧಾರ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ರಾಜ್ಯಕ್ಕೆ ಆಗಿನ್ನೂ ಮೈಸೂರು ಎಂಬ ಹೆಸರೇ ಇತ್ತು. ಗ್ರಂಥಾಲಯ ದಾನಿಗಳ ದಯೆಯಲ್ಲಿ ಬದುಕಬಾರದು, ಅದಕ್ಕೆ ಕಾನೂನಿನ ಆಸರೆ ಬೇಕು ಎಂದು ಜೀವನವಿಡೀ ದುಡಿದವರು ಎಸ್.ಆರ್. ರಂಗನಾಥನ್. ಮದ್ರಾಸಿನಲ್ಲಿ 1948ರಲ್ಲೇ ಕಾಯ್ದೆ ಬಂದದ್ದು ಅವರ ಪ್ರಯತ್ನದಿಂದ. ಮುಂದೆ ಬೆಂಗಳೂರಿಗೆ ಬಂದು ನೆಲೆಸಿದ ಅವರು 1962ರಲ್ಲಿ ಇಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ನಮ್ಮ ಕಾಯ್ದೆಯ ದೊಡ್ಡ ಗುಣವೆಂದರೆ ಕಾಯಂ ಸಿಬ್ಬಂದಿಯ ಸಂಬಳ ಸರ್ಕಾರದ ಬೊಕ್ಕಸದಿಂದ ಬರುತ್ತದೆ. ಸೆಸ್ ಹಣ ಪುಸ್ತಕ, ಪತ್ರಿಕೆ, ಕಟ್ಟಡ, ಕರೆಂಟ್ ಬಿಲ್ಲಿಗೆ ಉಳಿಯುತ್ತದೆ.

ತೊಡಕು ಇರುವುದು ಹಣ ಹರಿಯುವ ದಾರಿಯಲ್ಲಿ. ದೊಡ್ಡ ನಗರದ ಸೆಸ್ ಆ ನಗರದ ಗ್ರಂಥಾಲಯ ನಿಧಿಗೆ, ಪುರಸಭೆ–ಪಟ್ಟಣ ಪಂಚಾಯಿತಿಗಳದ್ದು ಜಿಲ್ಲೆಯ ನಿಧಿಗೆ. ಆಸ್ತಿಗೆ ಬೆಲೆ ಇದ್ದಲ್ಲಿ ಸೆಸ್ ಹೆಚ್ಚು. ಹಂಚಿನ ಮನೆ, ಚಿಕ್ಕ ಅಂಗಡಿಗಳ ಊರಿನಲ್ಲಿ ಎಷ್ಟು ಹುಟ್ಟೀತು? ಓದುವವರ ಸಂಖ್ಯೆಗೂ ಬರುವ ಹಣಕ್ಕೂ ಸಂಬಂಧವೇ ಇಲ್ಲ. ಇದರ ಮೇಲೆ, ವಸೂಲಾದ ಸೆಸ್ಸನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ದಾಟಿಸದೆ ಉಳಿಸಿಕೊಳ್ಳುವ ಚಾಳಿ ಬೇರೆ. ಬೆಂಗಳೂರಿನ ಪಾಲಿಕೆಯ ಬಾಕಿ ಎಷ್ಟೋ ಸಲ ಸುದ್ದಿಯಾಗಿದೆ. ಸಣ್ಣ ಊರಿನ ಬಾಕಿ ಸುದ್ದಿಯೂ ಆಗುವುದಿಲ್ಲ.

ಹಳ್ಳಿಗಳ ಕಡೆ ಈಚೆಗೆ ಒಳ್ಳೆಯ ಕೆಲಸ ಆಗಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಅವುಗಳ ಹೆಸರು ‘ಅರಿವು ಕೇಂದ್ರ’; ರಾಜ್ಯದಲ್ಲಿ 5,600ಕ್ಕೂ ಹೆಚ್ಚಿವೆ. ಗೋಡೆಗೆ ಬಣ್ಣ ಬಂತು, ಹಲವೆಡೆ ಕಂಪ್ಯೂಟರ್ ಬಂತು. ಅತ್ತ ಹಳ್ಳಿಯೂ ಅಲ್ಲದ, ಇತ್ತ ನಗರವೂ ಅಲ್ಲದ ತಾಲ್ಲೂಕು ಕೇಂದ್ರದ ಶಾಖಾ ಗ್ರಂಥಾಲಯ ಮಾತ್ರ ಇದ್ದಲ್ಲೇ ಇದೆ.

ಅಂಥ ಒಂದು ಗ್ರಂಥಾಲಯಕ್ಕೆ ಬೆಳಿಗ್ಗೆ ಹೋಗಿ ನೋಡಿ. ಬಾಗಿಲು ತೆರೆಯುವ ಮೊದಲೇ ನಿವೃತ್ತ ಮೇಷ್ಟ್ರುಗಳು ಕಟ್ಟೆಯ ಮೇಲೆ ಕೂತಿರುತ್ತಾರೆ. ಒಂದೇ ಪತ್ರಿಕೆಯ ಹಾಳೆಗಳು ಬಿಡಿಯಾಗಿ ನಾಲ್ಕು ಕೈಗೆ ಹೋಗುತ್ತವೆ. ಹತ್ತು ಗಂಟೆ ಹೊತ್ತಿಗೆ ಬ್ಯಾಗ್ ಹೆಗಲಿಗೇರಿಸಿದ ಹುಡುಗ ಹುಡುಗಿಯರು ಬರುತ್ತಾರೆ. ಪಿಎಸ್‌ಐ, ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವವರು. ಪುಸ್ತಕ, ನೀರಿನ ಬಾಟಲಿ ಎಲ್ಲ ಅವರದ್ದೇ. ಗ್ರಂಥಾಲಯದಿಂದ ಅವರಿಗೆ ಬೇಕಾದದ್ದು ಫ್ಯಾನಿನ ಕೆಳಗೊಂದು ಕುರ್ಚಿ, ಮೊಬೈಲ್ ಚಾರ್ಜಿಗೆ ಒಂದು ಪ್ಲಗ್, ಸದ್ದಿಲ್ಲದ ಎಂಟು ಗಂಟೆ. ಒಂದೇ ಕೋಣೆಯ ಮನೆಯಲ್ಲಿ ಟಿವಿ, ತೊಟ್ಟಿಲು, ಒಲೆಯ ನಡುವೆ ಓದಲಾಗದ ಹೆಣ್ಣುಮಕ್ಕಳಿಗೆ ಊರಿನಲ್ಲಿ ದುಡ್ಡು ಕೊಡದೆ ಕೂರಬಹುದಾದ ಇನ್ನೊಂದು ಜಾಗ ಯಾವುದಿದೆ? ಆ ಗ್ರಂಥಾಲಯದಲ್ಲಿ ಶೌಚಾಲಯವಿಲ್ಲದಿದ್ದರೆ ಅವರು ಮಧ್ಯಾಹ್ನಕ್ಕೇ ಮನೆಗೆ ಹೊರಡುತ್ತಾರೆ.

ಮುಂದಿನ ದಿನಗಳ ಗ್ರಂಥಾಲಯ ಇವರನ್ನು ನೋಡಿಕೊಂಡೇ ರೂಪುಗೊಳ್ಳಬೇಕು. ಡಿಜಿಟಲ್ ಗ್ರಂಥಾಲಯ ಬೇಕು, ಅನುಮಾನವಿಲ್ಲ. ಆದರೆ ಕೂರಲು ಜಾಗ ಮೊದಲು. ಪುಸ್ತಕದ ಆಯ್ಕೆಯೂ ಬದಲಾಗಬೇಕು. ಸಗಟು ಖರೀದಿಯಲ್ಲಿ ಬೆಂಗಳೂರಿನಲ್ಲಿ ಆರಿಸಿದ ಪುಸ್ತಕಗಳ ಕಟ್ಟು ಊರೂರಿಗೆ ಬರುತ್ತದೆ. ಓದುಗರು ಕೇಳಿದ್ದನ್ನು ತರಿಸಲು ಗ್ರಂಥಪಾಲಕರ ಕೈಯಲ್ಲೂ ಒಂದಿಷ್ಟು ಹಣವಿರಬೇಕು. ಸೆಸ್ ಕಡಿಮೆ ಹುಟ್ಟುವ ಊರುಗಳ ಕೊರತೆಯನ್ನು ರಾಜ್ಯ ಸರ್ಕಾರ ತುಂಬಿಕೊಡಬೇಕು.

ಇದಕ್ಕೆಲ್ಲ ಬೆಂಗಳೂರಿನ ಕಡೆಗೇ ನೋಡುತ್ತಾ ಕೂರಬೇಕಿಲ್ಲ. ಬಜೆಟ್‌ಗೆ ಮುನ್ನ ಪುರಸಭೆಗಳು ಸಾರ್ವಜನಿಕರ ಸಲಹೆ ಕೇಳಲು ಪೂರ್ವಭಾವಿ ಸಭೆ ಕರೆಯುತ್ತವೆ. ರಸ್ತೆ, ಚರಂಡಿಯ ಮಾತಿನ ಜೊತೆಗೆ ಅಲ್ಲಿ ಎದ್ದು ಕೇಳಬೇಕಾದ ಪ್ರಶ್ನೆಗಳು ಎರಡು: ಈ ವರ್ಷ ವಸೂಲಾದ ಗ್ರಂಥಾಲಯ ಸೆಸ್ ಎಷ್ಟು, ಅದರಲ್ಲಿ ಗ್ರಂಥಾಲಯಕ್ಕೆ ಕಟ್ಟಿದ್ದೆಷ್ಟು?